ಮೂರು ಗಂಟೆಯ ಹೊಗೆ

ಮೇಸ್ತ್ರಿ ಬಸ್ಸಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಒಗೆದು ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರವನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು, ಇಪ್ಪತ್ತರವರೆಗೆ ಎಣಿಸಿ, ಅದನ್ನು ಬೆಳಕಿಗೆ ಬಿಡಿಸಿ ನೋಡಿ, ಮೂಸಿ, ಕೊನೆಗೆ ನಾಲಿಗೆಯ ತುದಿಗೂ ಒಂದಿಷ್ಟು ತಾಗಿಸಿ ‘ಥೂ’ ಎಂದು ಉಗಿದಾಗ, ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ಅವನಿಗೆ ಆ ಉಗುಳು ತನ್ನ ಮುಖಕ್ಕೇ ಬಿದ್ದಂತಾಯಿತು. ‘ಏನೂ ಇಲ್ಲ ನೋಡು! ಹಸುಗೂಸಿನ ಉಸಿರು!’ ಎಂದು ಮೇಸ್ತ್ರಿ ಅಲ್ಲಿಂದಲೇ ಕೂಗಿದ. ಆ ಕೂಗಿನಲ್ಲಿ ಸಂತೋಷವಿರಲಿಲ್ಲ. ಕಳ್ಳ ಮನೆಯೊಳಗೇ ಇದ್ದಾನೆಂದು ಗೊತ್ತಿದ್ದೂ ಹುಡುಕಿದಲ್ಲೆಲ್ಲ ಬರೀ ಗೋಡೆ ಸಿಗುವವನ ಸಿಟ್ಟಿತ್ತು. ಕಳ್ಳನೇನೋ ಮನೆಯೊಳಗೇ ಇದ್ದ. ಸ್ಟೀರಿಂಗ್ ಹಿಡಿದುಕೊಂಡು, ಏನೂ ಅರಿಯದವನ ಹಾಗೆ ತಲೆಯಾಡಿಸುತ್ತ, ಬೆಳಗಿನ ಹನ್ನೊಂದು ಗಂಟೆಗೇ ಅಂಗಿಯ ಬೆನ್ನೆಲ್ಲ ಒದ್ದೆ ಮಾಡಿಕೊಂಡಿದ್ದ.

ಹದಿನೈದು ದಿನದಿಂದ ಇದೇ ಪಾಡು. ಕಾರ್ಖಾನೆಯ ಕೆಲಸಗಾರರನ್ನು ಪಾಳಿಗೆ ಕರೆತರುವ ಈ ಹಳೇ ಬಸ್ಸು ಬೆಳಿಗ್ಗೆ ಹೊತ್ತು ಸಾಧುಪ್ರಾಣಿ. ಮಧ್ಯಾಹ್ನ ಮೂರಕ್ಕೆ ಎರಡನೇ ಪಾಳಿಯವರನ್ನು ತುಂಬಿಕೊಂಡು ಕ್ವಾರ್ಟರ್ಸಿನ ನೀರಿನ ಟ್ಯಾಂಕಿನ ಹಿಂದಿನಿಂದ ಹೊರಟಿತೋ, ಬೆಳ್ಳಗಿನ, ಅಂಚಿನಲ್ಲಿ ಒಂದಿಷ್ಟು ನೀಲಿ ಬೆರೆತ ಹೊಗೆ ರಸ್ತೆಯಗಲಕ್ಕೂ ಎದ್ದು ನಿಲ್ಲುತ್ತಿತ್ತು. ಹಿಂದೆ ಬರುವ ಸೈಕಲ್ಲಿನವರು ಕಣ್ಣುಜ್ಜಿಕೊಂಡು ಬೈಯುತ್ತಿದ್ದರು. ಬಟ್ಟೆ ಒಣಹಾಕಿದ ಹೆಂಗಸರು ಮಹಡಿಯ ಮೇಲಿನಿಂದ ಬೈಯುತ್ತಿದ್ದರು. ಏರು ಹತ್ತಿ ಕಾರ್ಖಾನೆಯ ಗೇಟು ಮುಟ್ಟುವ ಹೊತ್ತಿಗೆ ಹೊಗೆ ಮಾಯ. ಶೆಡ್ಡಿಗೆ ತಂದು ತೋರಿಸೋಣವೆಂದರೆ ತೋರಿಸಲು ಏನೂ ಉಳಿದಿರುತ್ತಿರಲಿಲ್ಲ. ಮೇಸ್ತ್ರಿಗೆ ಹೊಗೆ ಮನುಷ್ಯರ ಮುಖವಿದ್ದ ಹಾಗೆ, ನೋಡಿದ ಕೂಡಲೇ ಜಾತಕ ಹೇಳಿಬಿಡುತ್ತಿದ್ದ. ಕಪ್ಪಗಿದ್ದರೆ ಹೊಟ್ಟೆಬಾಕ, ಅರಗುವುದಕ್ಕಿಂತ ಹೆಚ್ಚು ಡೀಸೆಲ್ ನುಂಗುತ್ತಿದೆ. ನೀಲಿಯಾಗಿದ್ದರೆ ಕಳ್ಳಕುಡುಕ, ಯಾರಿಗೂ ಗೊತ್ತಾಗದ ಹಾಗೆ ಆಯಿಲ್ ಕುಡಿಯುತ್ತಿದೆ. ಬಿಳಿಯಾಗಿದ್ದರೆ ಒಂದೋ ರೇಡಿಯೇಟರಿನ ನೀರು ಒಳಗೆ ನುಗ್ಗಿದೆ, ಇಲ್ಲವೋ ಡೀಸೆಲ್ ಉರಿಯದೆ ಹಸಿಹಸಿಯಾಗಿ ಆಚೆ ಬರುತ್ತಿದೆ. ಆದರೆ ಇದರಲ್ಲಿ ನೀರು ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ. ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ನೋಡಿದ್ದಾಯಿತು, ಪಂಪು ನೋಡಿದ್ದಾಯಿತು, ಫಿಲ್ಟರ್ ಬದಲಿಸಿದ್ದಾಯಿತು. ಎಲ್ಲ ಸರಿ. ಎಲ್ಲ ಸರಿಯಿರುವ ಇಂಜಿನ್ನು ದಿನಕ್ಕೊಂದೇ ಸಲ, ಅದೂ ಮೂರು ಗಂಟೆಗೇ ಯಾಕೆ ಹೊಗೆಯುಗುಳಬೇಕು? ‘ಅದಕ್ಕೂ ಪಾಳಿ ಸೈರನ್ ಕೇಳಿಸುತ್ತೆ ಮೇಸ್ತ್ರಿ, ಡ್ಯೂಟಿ ಮಾಡ್ತಿದೆ ಪಾಪ’ ಎಂದು ಶೆಡ್ಡಿನ ಮೂಲೆಯಲ್ಲಿ ಬೆಸುಗೆ ಹಾಕುವ ವೆಲ್ಡಿಂಗ್ ಅಕ್ಕ ಕಪ್ಪು ಗಾಜಿನ ಮುಖಗವಸು ಎತ್ತಿ ನಗುತ್ತಿದ್ದಳು. ಮೇಸ್ತ್ರಿ ನಗುತ್ತಿರಲಿಲ್ಲ.

ನಗುವುದಾದರೂ ಹೇಗೆ. ತಿಂಗಳ ಹಿಂದಷ್ಟೇ ಅದೇ ಇಂಜಿನ್ನನ್ನು ಅವನು ಪೂರ್ತಿ ಬಿಚ್ಚಿ, ತಳದಿಂದ ತಲೆಯವರೆಗೆ ಹೊಸದು ಮಾಡಿ ಕೂರಿಸಿದ್ದ. ಕೂರಿಸಿದ ದಿನ ಸಾಹೇಬರು ಶೆಡ್ಡಿಗೆ ಬಂದು, ಕಿವಿ ಕೊಟ್ಟು ಕೇಳಿ, ‘ಪರವಾಗಿಲ್ಲ’ ಎಂದಿದ್ದರು. ಹೊಗೆ ಶುರುವಾದ ವಾರಕ್ಕೆ ಅದೇ ಸಾಹೇಬರು, ಎಲ್ಲರೆದುರಿಗೆ, ಮೇಸ್ತ್ರಿಯ ಮುಖ ನೋಡದೆ ಟೈರು ನೋಡುತ್ತ, ‘ಹೊರಗಿನವರಿಗೆ ಕೊಡಬಹುದಿತ್ತೇನೋ’ ಎಂದು ಹೇಳಿ ಹೋದರು. ಬೈದಿದ್ದರೆ ಮೇಸ್ತ್ರಿ ತಿರುಗಿ ಬೈಯುತ್ತಿದ್ದ. ಇದಕ್ಕೆ ಏನು ಹೇಳುತ್ತಾನೆ? ಅವತ್ತಿನಿಂದ ಅವನಿಗೊಂದು ಹುಳು ಹೊಕ್ಕಿತು. ಪಿಸ್ಟನ್ನಿನ ರಿಂಗುಗಳ ಮೇಲೆ ಒಂದು ಸಣ್ಣ ಗುರುತಿರುತ್ತದೆ, ಅದು ಮೇಲ್ಮುಖವಾಗಿಯೇ ಕೂರಬೇಕು. ಮೂರನೇ ಪಿಸ್ಟನ್ನಿಗೆ ರಿಂಗು ಹಾಕುವಾಗ ಮಗಳ ಫೋನು ಬಂದಿತ್ತು, ಮಾತಾಡುತ್ತಲೇ ಹಾಕಿದೆ, ಗುರುತು ನೋಡಿದೆನೋ ಇಲ್ಲವೋ ನೆನಪಿಲ್ಲ, ತಿರುವುಮುರುವು ಹಾಕಿದ್ದೇನೆ, ಖಂಡಿತ ಹಾಕಿದ್ದೇನೆ ಎಂದು ಟೀ ಕುಡಿಯುವಾಗಲೂ ಎರಡು ಬೆರಳುಗಳನ್ನು ಗಾಳಿಯಲ್ಲಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಮೂವತ್ತು ವರ್ಷದಿಂದ ನಡುಗದ ಆ ಬೆರಳುಗಳು ಈಗ ಸ್ವಲ್ಪ ನಡುಗುತ್ತಿದ್ದವು. ನೋಡಿಯೂ ನೋಡದವನಂತೆ ಇವನು ತನ್ನ ಟೀ ಲೋಟದ ತಳ ನೋಡುತ್ತಿದ್ದ.

ಆ ರಿಂಗು ಸರಿಯಾಗಿಯೇ ಕೂತಿದೆಯೆಂದು ಪ್ರಪಂಚದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಹೊಗೆ ಶುರುವಾದ ಎರಡನೇ ದಿನವೇ ಮೇಸ್ತ್ರಿ ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳಿದ್ದ. ‘ಮಧ್ಯಾಹ್ನ ಟ್ಯಾಂಕ್ ಹಿಂದೆ ಗಾಡಿ ನಿಲ್ಲಿಸ್ಕೊಂಡು ಕಾಯ್ತೀಯಲ್ಲ, ಆಗ ಇಂಜಿನ್ ಆಫ್ ಮಾಡಿರ್ತೀಯೋ, ಸ್ಟಾರ್ಟಿಂಗಲ್ಲೇ ಬಿಟ್ಟಿರ್ತೀಯೋ?’ ಹೊಸ ರಿಂಗು ಹದಕ್ಕೆ ಬರಬೇಕಾದರೆ ಇಂಜಿನ್ನು ಮೈಮುರಿದು ದುಡಿಯಬೇಕು, ಸುಮ್ಮನೆ ಗುರುಗುಟ್ಟುತ್ತ ನಿಂತರೆ ಒಳಗೆಲ್ಲ ತಣ್ಣಗಾಗಿ ಡೀಸೆಲ್ ಅರೆಬರೆ ಉರಿದು ಕೊಳವೆಯಲ್ಲಿ ಜಿನುಗಿ ಕೂರುತ್ತದೆ ಎಂದು ಗಾಡಿ ಕೊಡುವ ದಿನ ಬೆರಳು ತೋರಿಸಿ ಹೇಳಿದ್ದ. ‘ಆಫ್ ಮಾಡಿರ್ತೀನಿ ಮೇಸ್ತ್ರಿ. ಆಫ್ ಮಾಡಿ ಕಾಲು ಚಾಚಿ ಮಲಗ್ತೀನಿ’ ಎಂದು ಇವನು ಹೇಳಿದ. ಹೇಳುವಾಗ ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅದೇ ಅವನಿಗೆ ಆಶ್ಚರ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎಂಬಂತಿದ್ದವನು, ಅದಕ್ಕೇ ಬಸ್ಸಿನವರಿಂದ ‘ಸೈಲೆನ್ಸರ್’ ಎಂದು ಹೆಸರಿಡಿಸಿಕೊಂಡವನು, ಸುಳ್ಳು ಹೇಳುವಾಗ ಮಾತ್ರ ರೇಡಿಯೋದವರ ಹಾಗೆ ಹೇಳಿಬಿಟ್ಟಿದ್ದ. ಮೇಸ್ತ್ರಿ ‘ಸರಿ ಬಿಡು, ನೀನು ಹೇಳಿದ್ಮೇಲೆ ಮುಗೀತು’ ಎಂದು ಆ ಪ್ರಶ್ನೆಯನ್ನೇ ತಲೆಯಿಂದ ಅಳಿಸಿಹಾಕಿದ. ಅವನು ನಂಬದೆ ಒಂದು ಸಲ ಟ್ಯಾಂಕಿನ ಹಿಂದೆ ಬಂದು ಇಣುಕಿದ್ದರೆ ಎಷ್ಟು ಚೆನ್ನಾಗಿತ್ತು.

ಇಣುಕಿದ್ದರೆ ಏನು ಕಾಣುತ್ತಿತ್ತು? ಗಾಜುಗಳನ್ನೆಲ್ಲ ಏರಿಸಿದ ಖಾಲಿ ಬಸ್ಸು, ಗುರುಗುಟ್ಟುವ ಇಂಜಿನ್ನು, ಅದರೊಳಗೆ ಕಣ್ಣು ಮುಚ್ಚಿ ಬಾಯಿ ತೆರೆದು ಕೂತಿರುವ ನಲವತ್ತಾರು ವರ್ಷದ ಗಂಡಸು. ಅವನು ಹಾಡುತ್ತಿದ್ದ. ರೇಡಿಯೋದಲ್ಲಿ ಕೇಳಿದ್ದು, ಅಮ್ಮ ನೀರು ಸೇದುವಾಗ ಹೇಳುತ್ತಿದ್ದದ್ದು, ಅರ್ಧ ಮರೆತು ಉಳಿದರ್ಧ ತಾನೇ ಸೇರಿಸಿದ್ದು, ಹೀಗೆ ಒಂದಾದ ಮೇಲೊಂದು. ಇಂಜಿನ್ನಿನ ಸದ್ದು ಹಿಂದೆ ಇದ್ದರಷ್ಟೇ ಗಂಟಲು ತೆರೆಯುತ್ತಿತ್ತು. ಯಾರಿಗೂ ಕೇಳದು, ತನಗೂ ಪೂರ್ತಿ ಕೇಳದು, ಅಷ್ಟರ ಮಟ್ಟಿಗೆ ಧೈರ್ಯ. ಮುಂಚೆ ಎರಡು ಹಾಡಿಗೆ ಮುಗಿಸುತ್ತಿದ್ದ, ಏಕೆಂದರೆ ಹಳೇ ಇಂಜಿನ್ನು ಕೆಮ್ಮುತ್ತ ಎಗರುತ್ತ ಅವನನ್ನೂ ಎಳೆದಾಡುತ್ತಿತ್ತು. ಮೇಸ್ತ್ರಿ ಕೈಯಾಡಿಸಿ ಕೊಟ್ಟ ಮೇಲೆ ಅದರ ದನಿ ಒಂದೇ ಕಡೆ, ಗಟ್ಟಿಯಾಗಿ, ತಂಬೂರಿ ಮೀಟಿದ ಹಾಗೆ ನಿಂತುಬಿಟ್ಟಿತು. ಮೊದಲ ದಿನ ಅದನ್ನು ಕೇಳಿ ಅವನ ಮೈ ಜುಂ ಎಂದಿತ್ತು. ಎರಡು ಹಾಡು ನಾಲ್ಕಾಯಿತು, ನಾಲ್ಕು ಏಳಾಯಿತು. ಮೇಸ್ತ್ರಿಯ ಕೆಲಸ ಅಷ್ಟು ಚೆನ್ನಾಗಿ ಆಗಿರದಿದ್ದರೆ ಈ ಹೊಗೆಯೇ ಬರುತ್ತಿರಲಿಲ್ಲ. ಇದನ್ನು ಯಾರಿಗೆ, ಯಾವ ಬಾಯಲ್ಲಿ ಹೇಳುವುದು?

ಆ ಬಾಯಿಗೆ ಬೀಗ ಬಿದ್ದದ್ದು ನಾಲ್ಕನೇ ತರಗತಿಯಲ್ಲಿ. ಶಾಲೆಯ ವಾರ್ಷಿಕೋತ್ಸವಕ್ಕೆ ಸಾಮೂಹಿಕ ಗಾಯನವಿತ್ತು, ಮೂವತ್ತು ಮಕ್ಕಳು, ಇವನು ಎರಡನೇ ಸಾಲಿನ ಕೊನೆ. ಅಭ್ಯಾಸದ ದಿನ ಟೀಚರ್ ಹಾರ್ಮೋನಿಯಂ ನಿಲ್ಲಿಸಿ, ಒಬ್ಬೊಬ್ಬರ ಬಾಯಿಯ ಹತ್ತಿರವೂ ಕಿವಿ ತಂದು, ಇವನ ಹತ್ತಿರ ಬಂದಾಗ ಕಣ್ಣು ಕಿರಿದು ಮಾಡಿ, ‘ನೀನಾ? ನೀನು ಬಾಯಿ ಮಾತ್ರ ಆಡಿಸು ಮರಿ. ದನಿ ಬೇಡ’ ಎಂದರು. ಒಳ್ಳೆಯ ಟೀಚರ್. ಬೈಯಲಿಲ್ಲ, ಕೆನ್ನೆಯನ್ನೂ ತಟ್ಟಿದರು. ಕಾರ್ಯಕ್ರಮದ ದಿನ ಅವನು ಎಲ್ಲರಿಗಿಂತ ಚೆನ್ನಾಗಿ ಬಾಯಿ ಆಡಿಸಿದ, ಹುಬ್ಬು ಎತ್ತಿದ, ಕೊನೆಯ ಸಾಲಿಗೆ ಕತ್ತನ್ನೂ ಓಲಾಡಿಸಿದ. ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಅವನ ತಲೆ ಸವರಿ, ‘ಅಷ್ಟೂ ಜನದಲ್ಲಿ ನನಗೆ ನಿನ್ನ ದನಿ ಒಂದೇ ಬೇರೆ ಕೇಳಿಸ್ತು ಕಂದಾ’ ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಹಾಡಲೇ ಇಲ್ಲ ಅಮ್ಮ ಎನ್ನಬೇಕಿತ್ತು. ಅನ್ನಲಿಲ್ಲ, ಅವಳು ಇರುವ ತನಕವೂ ಅನ್ನಲಿಲ್ಲ, ನೆಂಟರು ಬಂದಾಗಲೆಲ್ಲ ಅವಳು ಅದನ್ನೇ ಹೇಳಿ ಹಿಗ್ಗುತ್ತಿದ್ದರೆ ಇವನು ಒಳಮನೆಗೆ ಎದ್ದು ಹೋಗುತ್ತಿದ್ದ.

‘ಏಯ್, ಎಲ್ಲಿದ್ದೀಯ? ಇಳಿ ಕೆಳಗೆ’ ಎಂದು ಮೇಸ್ತ್ರಿ ಬಾಗಿಲು ಬಡಿದ. ಕೈ ಒರೆಸಿಕೊಂಡು, ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟ. ‘ನೀನು ಪೇಪರ್ ಓದೋನು. ತಪ್ಪಿದ್ರೆ ತಿದ್ದು. ತಿದ್ದಿ, ಸಾಹೇಬ್ರು ಐದು ಗಂಟೆಗೆ ಬರ್ತಾರೆ, ಅವರ ಕೈಗೇ ಕೊಡು. ನನಗೆ ಕೊಡೋಕಾಗಲ್ಲ.’ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಅದರ ಮೇಲೆ ದುಂಡಗೆ ಬರೆದಿದ್ದ. ಮೂರನೇ ಪಿಸ್ಟನ್ನಿನ ರಿಂಗು ತಿರುವಿ ಹಾಕಿದ್ದು ನನ್ನದೇ ತಪ್ಪು. ನನ್ನ ಕಣ್ಣು ಮತ್ತು ಕೈ ಮೊದಲಿನ ಹಾಗಿಲ್ಲ. ನಾಳೆ ಇಂಜಿನ್ ಬಿಚ್ಚಿ ಸರಿಮಾಡಿ ಕೊಟ್ಟ ಮೇಲೆ ನನ್ನನ್ನು ಇಂಜಿನ್ ಕೆಲಸದಿಂದ ಬಿಡಿಸಿ ಪಂಕ್ಚರ್ ವಿಭಾಗಕ್ಕೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ತಿದ್ದಲು ಒಂದು ಕಾಗುಣಿತವೂ ತಪ್ಪಿರಲಿಲ್ಲ. ‘ಚೆನ್ನಾಗಿ ಬರ್ದಿದೀಯಾ ಅನ್ಬೇಡ ಮತ್ತೆ’ ಎಂದು ಮೇಸ್ತ್ರಿ ನಗಲು ಹೋಗಿ ಅರ್ಧಕ್ಕೇ ಬಿಟ್ಟ. ಈಗ ಹೇಳಿಬಿಡಬೇಕು ಎಂದುಕೊಂಡ ಇವನು. ಮಾತು ಗಂಟಲವರೆಗೆ ಬಂತು, ಅಷ್ಟರಲ್ಲಿ ವೆಲ್ಡಿಂಗ್ ಅಕ್ಕ ಕಿಡಿ ಹಾರಿಸುವುದನ್ನು ನಿಲ್ಲಿಸಿದಳು, ಶೆಡ್ಡು ಏಕಾಏಕಿ ನಿಶ್ಶಬ್ದವಾಯಿತು, ಆ ನಿಶ್ಶಬ್ದದಲ್ಲಿ ‘ಹಾಡು’ ಎಂಬ ಎರಡಕ್ಷರ ಎಷ್ಟು ನಾಚಿಕೆಗೆಟ್ಟು ಕೇಳಿಸೀತು ಎಂದು ನೆನೆದೇ ಬೆವರಿದ. ಕಾಗದ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಊಟಕ್ಕೆ ಹೋದರೆ ಮನೆಯಲ್ಲಿ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತ ಗಂಟಲು ಬಿಟ್ಟು ಹಾಡುತ್ತಿದ್ದಳು. ಅವಳ ಹಾಡಿಗೆ ತಾಳವೂ ಇಲ್ಲ, ಮೇಳವೂ ಇಲ್ಲ. ಪಲ್ಲವಿ ಒಂದು ಹಾಡಿನದಾದರೆ ಚರಣ ಇನ್ನೊಂದರದು. ಪಕ್ಕದ ಮನೆಯವರು ಗೋಡೆ ತಟ್ಟಿದರೆ ಇನ್ನೂ ಜೋರಾಗಿ ಹಾಡುವ ಹೆಂಗಸು. ತಟ್ಟೆಯ ಮುಂದೆ ಕೂತು ಬೆರಳಲ್ಲಿ ಗೀರು ಎಳೆಯುತ್ತಿದ್ದ ಗಂಡನನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ‘ಏನ್ರೀ, ಊಟ ಮಾಡ್ತಿದೀರೋ, ರಸ್ತೆ ಮಾಡ್ತಿದೀರೋ?’ ಅವನು ತಲೆಯೆತ್ತದೆ, ‘ನಿನಗೆ ನಾಚಿಕೆ ಆಗಲ್ವಾ, ಹಾಗೆ ಹಾಡೋಕೆ?’ ಎಂದು ಕೇಳಿದ. ಇಪ್ಪತ್ತು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ ಹೀಗೆ ತುತ್ತಿನ ಮಧ್ಯೆ ಬಿದ್ದುಬಿಟ್ಟಿತು. ‘ನನಗ್ಯಾಕೆ ನಾಚಿಕೆ? ಬೇಕಾದ್ರೆ ಕೇಳೋರು ನಾಚ್ಕೊಳ್ಳಲಿ’ ಎಂದು ಅವಳು ಹಲ್ಲಿನಲ್ಲಿ ದಾರ ಕಚ್ಚಿ ಕತ್ತರಿಸಿ ಮಿಷನ್ನು ತುಳಿದಳು. ಎಷ್ಟು ಸುಲಭ ಇವಳಿಗೆ ಎಂದು ಹೊಟ್ಟೆಕಿಚ್ಚಾಯಿತು. ಮಿಷನ್ನಿನ ಗರಗರಕ್ಕೆ ಸೇರಿಸಿ ತಾನೂ ಮೆಲ್ಲಗೆ ಗುನುಗಿದರೆ ಹೇಗೆ ಎಂದು ಒಂದು ಕ್ಷಣ ಅನ್ನಿಸಿ, ನೀರು ಕುಡಿದು ಎದ್ದ.

ಆ ಮಧ್ಯಾಹ್ನ ಟ್ಯಾಂಕಿನ ಹಿಂದೆ ಬಸ್ಸು ನಿಲ್ಲಿಸಿ ಅವನು ಮೊದಲ ಸಲ ಇಂಜಿನ್ ಆಫ್ ಮಾಡಿದ. ಸದ್ದು ಹೋದ ಮೇಲೆ ಎಷ್ಟೊಂದು ಕೇಳಿಸತೊಡಗಿತು. ಟ್ಯಾಂಕಿನಿಂದ ಸೋರುವ ನೀರು, ಯಾರದೋ ಕುಕ್ಕರಿನ ಸೀಟಿ, ತಗಡಿನ ಮೇಲೆ ಕಾಗೆಯ ಉಗುರು. ಬಾಯಿ ತೆರೆದು ನೋಡಿದ. ಬಾಗಿಲ ಕೀಲಿನದೊಂದು ಕಿರ್ ಎಂಬ ಶಬ್ದ ಹೊರಟು, ಅದು ತನ್ನದೇ ಎಂದು ಗೊತ್ತಾಗಿ ಸುತ್ತ ನೋಡಿದ. ಕಾಗೆಯೊಂದೇ ಸಾಕ್ಷಿ. ಟೀಚರ್ ಹೇಳಿದ್ದು ಸರಿಯೇ ಇತ್ತು ಹಾಗಾದರೆ. ಒಂದೂಕಾಲು ಗಂಟೆ ಕಾಗದದ ಮಡಿಕೆಯನ್ನು ಬಿಚ್ಚಿ ಮಡಿಸಿ ಬಿಚ್ಚಿ ಕಳೆದ. ಮೂರಕ್ಕೆ ಜನ ಹತ್ತಿದರು, ಸ್ಟಾರ್ಟ್ ಮಾಡಿದ, ಕನ್ನಡಿಯಲ್ಲಿ ನೋಡಿದ. ರಸ್ತೆ ತೊಳೆದಿಟ್ಟ ಹಾಗಿತ್ತು. ಹೊಗೆಯ ಒಂದು ಎಳೆಯೂ ಇಲ್ಲ. ‘ಏನ್ ಸೈಲೆನ್ಸರ್, ಇವತ್ತು ಬಸ್ಸು ಸಿಗರೇಟ್ ಬಿಟ್ಟಿದ್ಯಾ?’ ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು, ಬಸ್ಸೆಲ್ಲ ನಕ್ಕಿತು, ಅವನೂ ನಕ್ಕ. ಅಬ್ಬಾ ಎನ್ನಿಸಿತು. ಇಷ್ಟೇ ತಾನೇ. ಹಾಡುವುದನ್ನು ಬಿಟ್ಟರಾಯಿತು, ಹೊಗೆ ನಿಂತಿತು, ಕಾಗದ ಹರಿದು ಬಿಸಾಡಿದರಾಯಿತು, ಯಾರಿಗೂ ಏನೂ ಹೇಳಬೇಕಿಲ್ಲ. ಏರು ಹತ್ತುವಾಗ ಮೈ ಹಗುರವಾಗಿತ್ತು. ಏರು ಮುಗಿಯುವ ಹೊತ್ತಿಗೆ ಮಾತ್ರ, ನಾಳೆ ಮಧ್ಯಾಹ್ನವೂ ಕಾಗೆಯ ಉಗುರೇ, ನಾಡಿದ್ದೂ ಅದೇ ಎಂದು ಹೊಳೆದು, ಗೇರು ಬದಲಿಸುವುದನ್ನೇ ಮರೆತ.

‘ನಿಂತುಹೋಯ್ತು ಮೇಸ್ತ್ರಿ! ತಾನಾಗೇ ನಿಂತುಹೋಯ್ತು!’ ಎಂದು ಮೂರೂವರೆಗೆ ಶೆಡ್ಡಿಗೆ ಬಂದು ಇಳಿಯುತ್ತಲೇ ಕೂಗಿದ. ಮೇಸ್ತ್ರಿ ನೆಲದ ಮೇಲೆ ಗೋಣಿ ಹಾಸಿ, ನಾಳೆಗೆ ಬೇಕಾದ ಸ್ಪ್ಯಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದ. ತಲೆಯೆತ್ತಲಿಲ್ಲ. ‘ತಾನಾಗೇ ನಿಲ್ಲೋದು ನೆಗಡಿ ಕಣೋ. ಇದು ಇಂಜಿನ್ನು. ಯಾಕೆ ಬಂತು ಅಂತ ಗೊತ್ತಾಗ್ದೆ ನಿಂತ ಹೊಗೆ ಮತ್ತೆ ಬಂದೇ ಬರುತ್ತೆ. ಬಿಚ್ಚೋದೇ. ಕಾಗದ ಜೇಬಲ್ಲಿದೆ ತಾನೇ? ಬೆವರಲ್ಲಿ ಒದ್ದೆ ಮಾಡ್ಬೇಡ.’ ಹೇಳಿ, ಹದಿನೇಳರ ಸ್ಪ್ಯಾನರನ್ನು ಎತ್ತಿ ಹತ್ತೊಂಬತ್ತರ ಆಚೆ ಇಟ್ಟ. ಸ್ವಲ್ಪ ಹೊತ್ತು ನೋಡಿದ. ಮತ್ತೆ ತೆಗೆದು ಈಚೆ ಇಟ್ಟ. ಕತ್ತಲಲ್ಲಿ ಬೆರಳು ಮುಟ್ಟಿಯೇ ಸ್ಪ್ಯಾನರಿನ ಅಳತೆ ಹೇಳುತ್ತಿದ್ದ ಮನುಷ್ಯ. ಅಮ್ಮನ ಮುಂದಿನಿಂದ ಒಳಮನೆಗೆ ಎದ್ದು ಹೋದ ಹಾಗೆ ಇವನು ಇಲ್ಲಿಂದಲೂ ಹೊರಟು ಹೋಗಬಹುದಿತ್ತು, ಕಾಲೇನೋ ಬಾಗಿಲ ಕಡೆಗೇ ತಿರುಗಿತ್ತು.

‘ಮೇಸ್ತ್ರಿ, ನಾನು ಆಫ್ ಮಾಡ್ತಿರ್ಲಿಲ್ಲ.’

‘ಏನನ್ನ?’

‘ಇಂಜಿನ್ನ. ಟ್ಯಾಂಕ್ ಹಿಂದೆ. ಸ್ಟಾರ್ಟಿಂಗಲ್ಲೇ ಬಿಟ್ಟಿರ್ತಿದ್ದೆ. ಇವತ್ತೊಂದಿನ ಆಫ್ ಮಾಡಿದ್ದೆ, ಅದಕ್ಕೇ ಹೊಗೆ ಬರ್ಲಿಲ್ಲ.’

ಮೇಸ್ತ್ರಿ ನಿಧಾನವಾಗಿ ಎದ್ದು ನಿಂತ. ‘ಎಷ್ಟು ಹೊತ್ತು ಬಿಟ್ಟಿರ್ತಿದ್ದೆ?’

‘ಏಳು.’

‘ಏಳು ನಿಮಿಷಕ್ಕೆಲ್ಲ ಇಷ್ಟು ಹೊಗೆ ಬರಲ್ಲ.’

‘ನಿಮಿಷ ಅಲ್ಲ. ಏಳು ಹಾಡು.’

ಹೇಳಿಯಾಯಿತು. ವೆಲ್ಡಿಂಗ್ ಅಕ್ಕ ಮುಖಗವಸು ಎತ್ತಿದಳು. ಮೇಸ್ತ್ರಿ ಇವನನ್ನು, ಹೊಸದೊಂದು ಬಣ್ಣದ ಹೊಗೆಯನ್ನು ನೋಡುವಂತೆ ಅಡಿಯಿಂದ ಮುಡಿವರೆಗೆ ನೋಡಿದ. ‘ರೇಡಿಯೋನಾ?’ ‘ಅಲ್ಲ. ನಾನೇ.’ ‘ನೀನು? ಹಾಡ್ತೀಯಾ? ನೀನು?’ ಎರಡನೆಯ ‘ನೀನು’ ಬರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ‘ಅಯ್ಯೋ ನಿನ್ನ ಮನೆ ಕಾಯ್ವಾಗ! ಹದಿನೈದು ದಿನ ಕಣೋ! ಹದಿನೈದು ದಿನ ನನ್ನ ಕೈನ ನಾನೇ ಅನುಮಾನ ಮಾಡ್ಕೊಂಡು ಸಾಯ್ತಿದೀನಿ. ಕಣ್ ಡಾಕ್ಟರ್ ಹತ್ರ ಎರಡು ಸಲ ಹೋಗ್ ಬಂದೆ. ಫೋನ್ ಯಾಕ್ ಮಾಡಿದೆ ಆವತ್ತು ಅಂತ ಮಗಳಿಗೆ ಬೈದೆ! ಒಂದ್ ಮಾತು ಹೇಳೋಕೆ ಏನ್ ರೋಗ ನಿನಗೆ?’ ಕೈಯಲ್ಲಿದ್ದ ಕರವಸ್ತ್ರವನ್ನು ಇವನ ಎದೆಗೆ ಎಸೆದ. ಅದು ಬೀಳದೆ ಅಂಗಿಯ ಗುಂಡಿಗೆ ಸಿಕ್ಕಿಕೊಂಡು ಜೋತಾಡಿತು. ತೆಗೆಯಲೋ ಬೇಡವೋ ಎಂದು ತಿಳಿಯದೆ ಇವನು ಹಾಗೆಯೇ ನಿಂತು, ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿದ: ‘ಮುಂಚೆ ಎರಡೇ ಹಾಡ್ತಿದ್ದೆ ಮೇಸ್ತ್ರಿ. ನೀವು ಇಂಜಿನ್ ಮಾಡಿದ್ಮೇಲೆ ಅದರ ದನಿ ಒಂದೇ ಕಡೆ ನಿಲ್ಲುತ್ತೆ. ಕೂದಲೆಳೆ ಅಲ್ಲಾಡಲ್ಲ. ಅದನ್ನ ಹಿಡ್ಕೊಂಡ್ರೆ ನನ್ನ ದನೀನೂ ನಿಲ್ಲುತ್ತೆ. ಅಷ್ಟು ಚೆನ್ನಾಗಿ ಬಂದಿದೆ, ಬಿಡೋಕೇ ಮನಸ್ಸಾಗ್ಲಿಲ್ಲ. ನಿಮ್ಮ ಕೈಗೇನೂ ಆಗಿಲ್ಲ.’

ಮೇಸ್ತ್ರಿ ಕೆಮ್ಮಿದ. ‘ಏನಂದೆ? ಇಂಜಿನ್ ದನಿ ಏನಾಗಿದೆ ಅಂದೆ?’ ‘ಒಂದೇ ಕಡೆ ನಿಲ್ಲುತ್ತೆ ಅಂದೆ.’ ‘ಜೋರಾಗ್ ಹೇಳೋ, ಅಕ್ಕನಿಗೂ ಕೇಳ್ಲಿ.’ ‘ಕೇಳಿಸ್ತು ಕೇಳಿಸ್ತು’ ಎಂದಳು ವೆಲ್ಡಿಂಗ್ ಅಕ್ಕ, ‘ಸಾಹೇಬ್ರಿಗೂ ಕೇಳಿಸ್ಬೇಕಿತ್ತು.’ ಮೇಸ್ತ್ರಿ ತನ್ನ ಬಲಗೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ, ಎಲ್ಲೋ ಬಿಟ್ಟು ಬಂದಿದ್ದು ಸಿಕ್ಕವನ ಹಾಗೆ. ಆಮೇಲೆ ಇವನ ಗುಂಡಿಯಿಂದ ಕರವಸ್ತ್ರ ಬಿಡಿಸಿಕೊಂಡು ಕಣ್ಣು ಸಣ್ಣದು ಮಾಡಿದ. ಮೆಕ್ಯಾನಿಕ್ ಬುದ್ಧಿ ವಾಪಸು ಬಂದಿತ್ತು. ‘ಬಾಯಲ್ಲಿ ಹೇಳಿದ್ರೆ ನಾನು ನಂಬಲ್ಲ. ಒಂದ್ಸಲ ನಂಬಿ ಕೆಟ್ಟಿದೀನಿ. ಬಸ್ ಹತ್ತು ಮೇಲಕ್ಕೆ. ಏಳೂ ಹಾಡು.’

‘ಇಲ್ಲೇನಾ? ಸುಮ್ನೆ ಸ್ಟಾರ್ಟಿಂಗಲ್ಲಿ ಬಿಟ್ಟು ನೋಡಿದ್ರೆ ಸಾಲ್ದಾ ಮೇಸ್ತ್ರಿ?’

‘ಎಷ್ಟು ನಿಮಿಷ ಅಂತ ನಿನಗೆ ಗೊತ್ತಾ? ಗೊತ್ತಿಲ್ಲ. ಪರೀಕ್ಷೆ ಅಂದ್ಮೇಲೆ ಎಲ್ಲಾ ಹೇಗಿತ್ತೋ ಹಾಗೇ ಇರ್ಬೇಕು. ಗಾಜು ಏರಿಸ್ಕೊ, ಕಣ್ಣು ಮುಚ್ಕೊ, ನಮ್ಮನ್ನ ಕಾಗೆ ಅನ್ಕೊ. ನಡಿ.’

ಗಾಜು ಏರಿಸಿದ. ಸ್ಟಾರ್ಟ್ ಮಾಡಿದ. ಮೊದಲ ಹಾಡು ತುಟಿ ದಾಟಲಿಲ್ಲ. ನಾಲ್ಕನೇ ತರಗತಿಯ ಹಾಗೆ ಬರೀ ಬಾಯಿ ಆಡಿಸಿದ, ಇಲ್ಲಿಂದ ಇವರಿಗೇನು ತಿಳಿಯುತ್ತದೆ ಎಂದು. ಆದರೆ ಹೊರಗೆ ಮೇಸ್ತ್ರಿ ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಬಾಗಿ, ಎಷ್ಟೋ ದಿನದ ಮೇಲೆ, ಅದನ್ನು ಅನುಮಾನದಿಂದಲ್ಲದೆ ಸುಮ್ಮನೆ ಕೇಳುತ್ತ ನಿಂತಿದ್ದ. ಬೆರಳಲ್ಲಿ ಬಾನೆಟ್ಟಿನ ಅಂಚಿಗೆ ತಟ್ಟುತ್ತಿದ್ದ. ಅದನ್ನು ನೋಡಿ ಇವನಿಗೆ ಮೋಸ ಮಾಡಲು ಮನಸ್ಸಾಗಲಿಲ್ಲ. ಎರಡನೇ ಹಾಡಿಗೆ ದನಿ ಬಂತು. ಮೂರನೆಯದಕ್ಕೆ ಕಣ್ಣು ಮುಚ್ಚಿತು. ಇಂಜಿನ್ನು ತನ್ನ ಜಾಗದಲ್ಲಿ ಕಂಬದ ಹಾಗೆ ನಿಂತಿತ್ತು. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಎಷ್ಟು ದೂರ ಬೇಕಾದರೂ ವಾಲಬಹುದಿತ್ತು, ಬೀಳುವ ಭಯವಿಲ್ಲ. ಅಮ್ಮನ ನೀರು ಸೇದುವ ಹಾಡು ಬಂತು, ರಾಟೆಯ ಕ್ರೀಂಕ್ರೀಂ ಬಂತು, ಹಗ್ಗದ ಒದ್ದೆ ವಾಸನೆ ಬಂತು. ನನಗೆ ನಿನ್ನ ದನಿ ಒಂದೇ ಬೇರೆ ಕೇಳಿಸ್ತು ಕಂದಾ. ಸುಳ್ಳಲ್ಲವೇನೋ ಅದು, ಅವಳಿಗೆ ಮುಂಚೆಯೇ ಕೇಳಿಸಿತ್ತೇನೋ, ಮೂವತ್ತೇಳು ವರ್ಷ ಮುಂಚೆ. ಐದು, ಆರು. ಹೊರಗೆ ಏನಾಗುತ್ತಿದೆಯೆಂಬುದೇ ಮರೆತುಹೋಯಿತು. ಸುಖವಾಗಿತ್ತು, ಇನ್ನೇನು ಹೇಳುವುದು, ಸುಖವಾಗಿತ್ತು.

ಏಳನೆಯದರ ನಡುವೆ ಮೇಸ್ತ್ರಿ ಗಡಿಯಾರ ನೋಡಿ, ‘ನಲವತ್ತೆರಡು ನಿಮಿಷ! ಅಕ್ಕಾ, ಹಿಂದೆ ನೋಡ್ಕೊ!’ ಎಂದು ಕೂಗಿ, ಪಂಪಿನ ಲಿವರನ್ನು ಕೈಯಲ್ಲೇ ಎಳೆದು ಇಂಜಿನ್ನನ್ನು ರೇಸ್ ಮಾಡಿದ. ಇಂಜಿನ್ನು ಹೂಂಕರಿಸಿ ಮೇಲೇರಿತು. ಕಂಬವೇ ಎದ್ದು ಮೇಲೆ ಹೊರಟರೆ ಹಿಡಿದುಕೊಂಡವನು ಏನು ಮಾಡಬೇಕು? ಅವನೂ ಏರಿದ. ಎಂದೂ ಹೋಗದ ಎತ್ತರಕ್ಕೆ ದನಿಯನ್ನು ಎತ್ತಿ, ಕುತ್ತಿಗೆಯ ನರ ಬಿಗಿದು, ಹೊಟ್ಟೆಯಾಳದಿಂದ ಹಾಡಿದ. ಹಿಂದೆ ಶೆಡ್ಡಿನ ತಗಡಿನವರೆಗೂ ಬೆಳ್ಳಗೆ, ಅಂಚಿನಲ್ಲಿ ನೀಲಿಯಾಗಿ, ದಟ್ಟವಾಗಿ ಎದ್ದಿತು ಹೊಗೆ. ‘ಬಂತು ಮೇಸ್ತ್ರಿ! ಬಂತು! ಅಯ್ಯಪ್ಪಾ, ಕಣ್ಣು!’ ಎಂದು ವೆಲ್ಡಿಂಗ್ ಅಕ್ಕ ಕೇಕೆ ಹಾಕಿದಳು. ಮೇಸ್ತ್ರಿ ಓಡಿಹೋಗಿ ಕರವಸ್ತ್ರ ಹಿಡಿದ, ಮೂಸಿದ. ಹಸಿ ಡೀಸೆಲ್. ನೀರಲ್ಲ, ರಿಂಗಲ್ಲ, ಕೈಯಲ್ಲ, ಕಣ್ಣಲ್ಲ. ಬರೀ ಹಸಿ ಡೀಸೆಲ್! ನಾಲಿಗೆಗೆ ತಾಗಿಸಿ, ಈ ಸಲ ಉಗಿಯದೆ, ಕೆಮ್ಮುತ್ತ ನಗುತ್ತ ಓಡಿ ಬಂದು, ‘ಸಾಕು, ಸಾಕು’ ಎಂದು ಪಂಪಿನ ಪಕ್ಕದ ಸ್ಟಾಪ್ ಲಿವರನ್ನು ಒತ್ತಿದ.

ಇಂಜಿನ್ನು ನಿಂತಿತು. ಹಾಡು ನಿಲ್ಲಲಿಲ್ಲ. ಕಣ್ಣು ಮುಚ್ಚಿದ್ದವನಿಗೆ ಅದು ತಿಳಿಯಲೂ ಇಲ್ಲ. ಒಂದು ಸಾಲು ಪೂರ್ತಿ ಹೋಯಿತು, ಇನ್ನೊಂದು ಸಾಲು ಅರ್ಧ ಹೋಯಿತು, ಆಗ ಎಲ್ಲೋ ಏನೋ ಕಡಿಮೆಯಾದಂತೆ ಅನ್ನಿಸಿ ಕಿವಿಗೊಟ್ಟರೆ, ತಗಡಿನ ಮಾಡಿನ ಕೆಳಗೆ ಒಂದೇ ಒಂದು ದನಿ. ಅದು ಬಾಗಿಲ ಕೀಲಿನದಲ್ಲ. ದಪ್ಪಗೆ, ಸ್ವಲ್ಪ ಒರಟಾಗಿ, ತನ್ನ ಜಾಗದಲ್ಲಿ ತಾನೇ ನಿಂತಿತ್ತು. ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಸಾಲು ತಾನಾಗಿಯೇ ಮುಗಿಯಿತು. ಕಣ್ಣು ಬಿಟ್ಟ. ಗಾಜಿನಾಚೆ ಬಿಳಿ ಹೊಗೆ ಇಳಿಯುತ್ತಿತ್ತು, ಅದರೊಳಗೆ ವೆಲ್ಡಿಂಗ್ ಅಕ್ಕ ಮುಖಗವಸನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮೇಸ್ತ್ರಿ ಬಾಗಿಲು ತೆಗೆದು ಕೈ ಚಾಚಿದ. ಇವನು ಜೇಬಿನ ಕಾಗದ ಕೊಟ್ಟ. ಮೇಸ್ತ್ರಿ ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಆ ಕಾಗದದಲ್ಲಿ ನಿಧಾನವಾಗಿ, ಎರಡೂ ಕಡೆ ಒರೆಸಿ, ಉಂಡೆ ಮಾಡಿ ಕಸದ ಡಬ್ಬಿಗೆ ಎಸೆದ. ಬೆರಳು ನಡುಗಲಿಲ್ಲ.

‘ನಾಳೆಯಿಂದ ಟ್ಯಾಂಕ್ ಹಿಂದೆ ಇಂಜಿನ್ ಆಫು. ಇವತ್ತು ಲೋಡ್ ಹಾಕ್ಕೊಂಡು ಎರಡು ಸಲ ಏರು ಹತ್ತಿಸು, ಒಳಗಿರೋ ಕೊಳೆ ಎಲ್ಲಾ ಸುಟ್ಟುಹೋಗುತ್ತೆ’ ಎಂದ ಮೇಸ್ತ್ರಿ. ಕಡ್ಡಿಯನ್ನು ಒಳಗೆ ತೂರಿಸಿದ. ಬಾನೆಟ್ ಇಳಿಸಿದ. ತಲೆ ಕೆರೆದುಕೊಂಡ. ‘ಆಮೇಲೆ ಆ ಕೊನೇದು, ನಾನು ಆಫ್ ಮಾಡಿದ್ನಲ್ಲ, ಅಲ್ಲಿ ಎರಡನೇ ಸಾಲಲ್ಲಿ ಒಂಚೂರು ಮಿಸ್ ಹೊಡೀತು.’

ಇವನ ಮುಖ ಕೆಂಪಾಯಿತು. ಸ್ಟೀರಿಂಗ್ ಹಿಡಿದುಕೊಂಡ.

‘ಪೂರ್ತಿ ಕೇಳ್ದೆ ಏನೂ ಹೇಳಕ್ಕಾಗಲ್ಲ’ ಎಂದು ಮೇಸ್ತ್ರಿ ಸ್ಪ್ಯಾನರುಗಳ ಪಕ್ಕ ಗೋಣಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ‘ಮೊದಲಿಂದ ಹಾಡು. ಇಂಜಿನ್ ಮುಟ್ಬೇಡ.’

ಶೆಡ್ಡಿನಲ್ಲಿ ಎಲ್ಲವೂ ಕೇಳಿಸುತ್ತಿತ್ತು. ತಣಿಯುವ ಕೊಳವೆಯ ಟಿಕ್ ಟಿಕ್, ಅಕ್ಕ ಸ್ಟೂಲು ಎಳೆದುಕೊಂಡದ್ದು, ಗೇಟಿನ ಹತ್ತಿರ ಯಾರದೋ ಸೈಕಲ್ಲಿನ ಗಂಟೆ. ಬೇಕಾದರೆ ಕೇಳುವವರು ನಾಚಿಕೊಳ್ಳಲಿ ಎಂದು ಅವನು ಗಂಟಲು ಸರಿಮಾಡಿಕೊಂಡು, ಹಿಡಿ ತಿರುಗಿಸಿ, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ.